ಕೈಯಿಂದ ತಿರುಗಿಸುವ ಡೈನಮೋ ಕಿಟ್: ಮಗಳಿಗೆ ವಿವರಿಸಲು ಕೊಂಡದ್ದು

ಎಂಟನೆಯ ತರಗತಿಯ ಮಗಳಿಗೆ ವಿದ್ಯುತ್ ಹುಟ್ಟುವ ಬಗೆಯನ್ನು ಪಾರಿಭಾಷಿಕ ಪದಗಳ ಹಂಗಿಲ್ಲದೆ ತಿಳಿಸಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 650 ರೂಪಾಯಿ ಕೊಟ್ಟು ಈ ಕಿಟ್ ತಂದೆ. ಪಾರದರ್ಶಕ ಡಬ್ಬಿಯೊಳಗೆ ತಾಮ್ರದ ಸುರುಳಿ, ಆಯಸ್ಕಾಂತ ಮತ್ತು ಹಲ್ಲುಚಕ್ರಗಳಿವೆ; ಹೊರಗೆ ಹಿಡಿಕೆ, ಸ್ವಿಚ್, ಎರಡು ಪುಟ್ಟ ಬಲ್ಬುಗಳು.

ಸ್ವಿಚ್ ಹಾಕದೆ ತಿರುಗಿಸಿದರೆ ಹಿಡಿಕೆ ಹಗುರವಾಗಿ ಓಡುತ್ತದೆ. ಒಂದು ಬಲ್ಬು ಹೊತ್ತಿಸಿದೊಡನೆ ಯಾರೋ ಆ ಕಡೆಯಿಂದ ಹಿಡಿದೆಳೆದಂತೆ ಭಾರವಾಗುತ್ತದೆ. ಎರಡೂ ಹೊತ್ತಿದರೆ ಇನ್ನಷ್ಟು ಭಾರ. ಬೀಸುಕಲ್ಲಿಗೆ ಕಾಳು ಹಾಕದಿದ್ದರೆ ಹಗುರ, ಹಾಕಿದರೆ ಭಾರ, ಇಲ್ಲಿ ಬಲ್ಬೇ ಕಾಳು ಎಂದು ವಿವರಿಸಿ ನಾನು ನೆಮ್ಮದಿಯಾಗಿದ್ದೆ. ಅವಳು ಬಲ್ಬುಗಳನ್ನು ಕಳಚಿ, ಎರಡು ತಂತಿಗಳ ತುದಿಗಳನ್ನು ನೇರವಾಗಿ ಒಂದಕ್ಕೊಂದು ಸೇರಿಸಿ ತಿರುಗಿಸಿದಳು. ಹಿಡಿಕೆ ಎಲ್ಲಕ್ಕಿಂತ ಭಾರವಾಯಿತು. "ಕಾಳೇ ಇಲ್ಲವಲ್ಲ ಅಪ್ಪ, ಮತ್ತೇಕೆ ಭಾರ?" ಎಂದಳು.

ಎಂಜಿನಿಯರಿಂಗ್ ಓದಿದ ನನಗೆ ಲೆನ್ಸ್ ಎಂಬ ವಿಜ್ಞಾನಿ 1834ರಲ್ಲಿ ಹೇಳಿದ ನಿಯಮ ಬಾಯಿಪಾಠ. ಆದರೂ ಅದನ್ನು ಅವಳ ಮಾತಿನಲ್ಲಿ ಹೇಳಲು ಆ ಸಂಜೆ ನನ್ನಿಂದಾಗಲಿಲ್ಲ. ಮರುದಿನ ಹೇಳಿದೆ: ಕೈಯನ್ನು ತಡೆಯುವುದು ಬಲ್ಬಲ್ಲ, ಸುರುಳಿಯಲ್ಲಿ ಹರಿಯುವ ವಿದ್ಯುತ್ತು, ಅದು ಹರಿದಾಗ ಸುರುಳಿಯೂ ಆಯಸ್ಕಾಂತವಾಗಿ ತಿರುಗುವಿಕೆಗೆ ಎದುರು ನಿಲ್ಲುತ್ತದೆ. ಬಲ್ಬಿನ ತಡೆ ಇಲ್ಲದಾಗ ಹರಿವು ಹೆಚ್ಚು, ಹಾಗಾಗಿ ಎದುರಾಟವೂ ಹೆಚ್ಚು; ಕೈಯ ದುಡಿಮೆ ಬೆಳಕಾಗದೆ ತಂತಿಯನ್ನೇ ಬಿಸಿ ಮಾಡುತ್ತದೆ. ನನ್ನ ಬೀಸುಕಲ್ಲಿನ ಹೋಲಿಕೆ ತಪ್ಪಿದ್ದು ಎಲ್ಲಿ ಎಂಬುದು ಆಗಲೇ ನನಗೂ ಖಚಿತವಾಗಿ ತಿಳಿದದ್ದು. ಪರೀಕ್ಷೆಯಲ್ಲಿ ಈ ನಿಯಮಕ್ಕೆ ಪೂರ್ತಿ ಅಂಕ ಪಡೆದಿದ್ದ ವರ್ಷಗಳಲ್ಲಿಯೂ ನಾನು ಇಷ್ಟು ಸ್ಪಷ್ಟವಾಗಿ ಅದನ್ನು ಕಂಡಿರಲಿಲ್ಲ.

ದೋಷಗಳೂ ಇವೆ. ಪ್ಲಾಸ್ಟಿಕ್ ಹಲ್ಲುಚಕ್ರ ಜೋರಾಗಿ ತಿರುಗಿಸಿದರೆ ಜಾರುತ್ತದೆ, ಮತ್ತು ಜೊತೆಗಿರುವ ಇಂಗ್ಲಿಷ್ ಕೈಪಿಡಿ ನಿಯಮಗಳ ಹೆಸರನ್ನಷ್ಟೇ ಹೇಳಿ ಮುಗಿಸುತ್ತದೆ. ಕೈಪಿಡಿಯನ್ನು ಬದಿಗಿಟ್ಟು, ಮೊದಲು ಮಕ್ಕಳ ಕೈಗೆ ಹಿಡಿಕೆ ಕೊಡಿ. ತಂತಿಗಳನ್ನು ನೇರವಾಗಿ ಸೇರಿಸುವ ಪ್ರಯೋಗವನ್ನು ಮಾತ್ರ ಕೆಲವೇ ಕ್ಷಣ ಮಾಡಿ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದ ಕಥೆಯನ್ನು ಕಳೆದ ವಾರ ಅವಳಿಗೆ ಹೇಳುತ್ತಿದ್ದೆ. ನಡುವೆಯೇ ತಡೆದು, "ಹಾಗಾದರೆ ಗಣಿಯಲ್ಲಿ ಹೆಚ್ಚು ಯಂತ್ರ ಓಡಿದಾಗ ಇಲ್ಲಿ ಕಾವೇರಿಗೆ ಚಕ್ರ ಭಾರವಾಗುತ್ತಿತ್ತು, ಹೆಚ್ಚು ನೀರು ಬಿಡಬೇಕಾಗುತ್ತಿತ್ತು" ಎಂದಳು.