ಆರ್ಡೋರ್‌ನ ಕ್ಲೀನ್-ಅಪ್ ಸೌಲಭ್ಯ: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಲಿನಕ್ಸ್, ಮ್ಯಾಕ್ ಮತ್ತು ವಿಂಡೋಸ್ ಮೂರರಲ್ಲಿಯೂ ನಡೆಯುವ ಆರ್ಡೋರ್ ಎಂಬ ಮುಕ್ತ ಧ್ವನಿಮುದ್ರಣ ತಂತ್ರಾಂಶವನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. 2020ರಲ್ಲಿ ಆರನೆಯ ಆವೃತ್ತಿ, 2022ರಲ್ಲಿ ಏಳನೆಯದು, 2023ರಲ್ಲಿ ಎಂಟನೆಯದು ಬಂದಾಗ ಅದರ ಮುಖಚಹರೆಯೂ ಸಂಕಲನದ ಸಲಕರಣೆಗಳೂ ಸಾಕಷ್ಟು ಬದಲಾದವು. ಈ ವಿಮರ್ಶೆಯಲ್ಲಿ ಆ ಹೊಸ ಸಲಕರಣೆಗಳ ಮಾತು ಬರುವುದಿಲ್ಲ. ಸೆಷನ್ ಎಂದರೆ ಒಂದು ಹಾಡಿನ ಇಡೀ ಕೆಲಸ; ಆ ಹೆಸರಿನ ಮೆನುವಿನೊಳಗೆ ಇರುವ ಕ್ಲೀನ್-ಅಪ್ ಎಂಬ ಉಪಮೆನು, ಅಂದರೆ ಬಳಕೆಯಾಗದೆ ಉಳಿದ ಧ್ವನಿ ಕಡತಗಳನ್ನು ತೆರವುಗೊಳಿಸುವ ಸೌಲಭ್ಯ ಮಾತ್ರ ಇಲ್ಲಿಯ ವಿಷಯ. ತಂತ್ರಾಂಶಗಳ ಪರಿಚಯ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿ ಹೋಗುತ್ತಾರೆ. ಮುದ್ರಿಸಿದ ಹಾಡುಗಳನ್ನು ಕಾಲಾಂತರದಲ್ಲಿ ಮತ್ತೆ ತೆರೆದು ಕೆಲಸ ಮಾಡುವವರಿಗೆ ಮಾತ್ರ ಇದು ಎಷ್ಟು ಮುಖ್ಯವೆಂಬುದು ತಿಳಿದಿರುತ್ತದೆ.

ಮೊದಲು ಈ ಕಡತಗಳು ಏಕೆ ಉಳಿಯುತ್ತವೆ ಎಂಬುದನ್ನು ಹೇಳಬೇಕು. ಇಂದಿನ ಎಲ್ಲ ಪ್ರಮುಖ ಧ್ವನಿಮುದ್ರಣ ತಂತ್ರಾಂಶಗಳಂತೆ ಆರ್ಡೋರ್ ಕೂಡ ಮೂಲ ಧ್ವನಿಯನ್ನು ಮುಟ್ಟದೆ ಸಂಕಲನ ಮಾಡುತ್ತದೆ. ಪರದೆಯ ಮೇಲೆ ನಾವು ಕತ್ತರಿಸುವುದು, ಜರುಗಿಸುವುದು, ಅಳಿಸುವುದು ಎಲ್ಲವೂ ರೀಜನ್ ಎಂಬ ತುಣುಕುಗಳನ್ನು. ರೀಜನ್ ಎಂದರೆ ಡಿಸ್ಕಿನಲ್ಲಿರುವ ಕಡತದ ಇಂತಿಷ್ಟು ಭಾಗವನ್ನು ಇಂತಹ ಕ್ಷಣದಲ್ಲಿ ನುಡಿಸಬೇಕು ಎಂಬ ಸೂಚನೆ ಅಷ್ಟೆ. ಆದ್ದರಿಂದ ಸರಿಬಾರದ ಟೇಕನ್ನು, ಅಂದರೆ ಒಂದು ಸಲದ ಮುದ್ರಣವನ್ನು, ಆಯ್ದು ಡಿಲೀಟ್ ಒತ್ತಿದಾಗ ಸೂಚನೆ ಹೋಗುತ್ತದೆ, ಕಡತ ಉಳಿಯುತ್ತದೆ. ಉಳಿಯಲೇಬೇಕು, ಇಲ್ಲವಾದರೆ ಮರುಕ್ಷಣ ಅನ್‌ಡು ಒತ್ತಿದಾಗ ಆ ಟೇಕ್ ಮರಳಿ ಬರುವುದಾದರೂ ಹೇಗೆ?

ಈ ಸುರಕ್ಷತೆಗೆ ತೆರುವ ಬೆಲೆ ಡಿಸ್ಕಿನ ಜಾಗ. 48 ಕಿಲೋಹರ್ಟ್ಸ್ ದರದಲ್ಲಿ 24 ಬಿಟ್ ಧ್ವನಿಯನ್ನು ಮುದ್ರಿಸಿದರೆ ಒಂದು ಮೋನೋ ಚಾನೆಲ್ ನಿಮಿಷಕ್ಕೆ 8.64 ಮೆಗಾಬೈಟ್ ತೆಗೆದುಕೊಳ್ಳುತ್ತದೆ; ಅದನ್ನೇ 32 ಬಿಟ್ ಫ್ಲೋಟ್ ರೂಪದಲ್ಲಿ, ಅಂದರೆ ದಶಮಾಂಶ ಸಂಖ್ಯೆಗಳಾಗಿ, ಮುದ್ರಿಸಿದರೆ 11.52 ಮೆಗಾಬೈಟ್. ಎಂಟು ಮೈಕುಗಳನ್ನಿಟ್ಟು ನಾಲ್ಕು ನಿಮಿಷದ ಹಾಡಿಗೆ ಡ್ರಮ್ಸ್ ಮುದ್ರಿಸಿದರೆ, ಫ್ಲೋಟ್ ರೂಪದಲ್ಲಿ ಒಂದು ಟೇಕಿಗೇ ಸುಮಾರು 369 ಮೆಗಾಬೈಟ್ ಬೇಕಾಗುತ್ತದೆ. ಹತ್ತು ಟೇಕ್ ಆದ ಮೇಲೆ ಅವುಗಳಲ್ಲಿ ಒಂದನ್ನೋ ಎರಡನ್ನೋ ಉಳಿಸಿಕೊಂಡು ಮಿಕ್ಕವನ್ನು ಪರದೆಯಿಂದ ಅಳಿಸಿದರೂ ಡಿಸ್ಕಿನ ಮೇಲೆ 3.7 ಗಿಗಾಬೈಟ್ ಹಾಗೆಯೇ ಕುಳಿತಿರುತ್ತದೆ. ಜಾಗಕ್ಕಿಂತಲೂ ದೊಡ್ಡ ತೊಂದರೆ ಬ್ಯಾಕಪ್‌ನದು. ಬೇಡದ ಕಡತಗಳನ್ನು ಪ್ರತಿ ಸಲವೂ ನಕಲು ಮಾಡುತ್ತಾ ಹೋದಂತೆ ಬ್ಯಾಕಪ್ ನಿಧಾನವಾಗುತ್ತದೆ, ನಿಧಾನವಾದದ್ದನ್ನು ಜನ ಮುಂದೂಡುತ್ತಾರೆ, ಮುಂದೂಡಿದ ಬ್ಯಾಕಪ್ ಬೇಕಾದ ಹೊತ್ತಿಗೆ ಇರುವುದಿಲ್ಲ.

ಫೋಲ್ಡರ್ ತೆರೆದು ಕೈಯಿಂದಲೇ ಅಳಿಸಿಬಿಡಬಹುದಲ್ಲ ಎಂದು ಯಾರಿಗಾದರೂ ತೋಚುವುದು ಸಹಜ. ಅದನ್ನು ಎಂದಿಗೂ ಮಾಡಬೇಡಿ. ಆರ್ಡೋರ್ ತನ್ನ ಧ್ವನಿ ಕಡತಗಳನ್ನು ಸೆಷನ್ ಫೋಲ್ಡರಿನೊಳಗೆ ಇಂಟರ್‌ಚೇಂಜ್ ಎಂಬ ಫೋಲ್ಡರಿನ ಅಡಿಯಲ್ಲಿ ಇಡುತ್ತದೆ, ಟ್ರ್ಯಾಕಿನ (ಒಂದು ದನಿಗೋ ವಾದ್ಯಕ್ಕೋ ಮೀಸಲಾದ ಸಾಲಿನ) ಹೆಸರಿಗೆ ಅಂಕಿಗಳನ್ನು ಜೋಡಿಸಿ ಅವಕ್ಕೆ ಹೆಸರು ಕೊಡುತ್ತದೆ, ಸ್ಟೀರಿಯೋ ಟ್ರ್ಯಾಕಾದರೆ ಎಡ ಬಲಗಳಿಗೆ ಬೇರೆ ಬೇರೆ ಕಡತಗಳನ್ನು ಬರೆಯುತ್ತದೆ. ಆ ಹೆಸರುಗಳನ್ನು ನೋಡಿ ಯಾವುದು ಹಾಡಿನಲ್ಲಿದೆ, ಯಾವುದು ಇಲ್ಲ ಎಂದು ಹೇಳಲು ಸಾಧ್ಯವಿಲ್ಲ. ಒಂದು ಕಡತದ ಎರಡೇ ಸೆಕೆಂಡು, ಒಂದು ಉಸಿರು ಅಥವಾ ಒಂದು ಸ್ವರ, ಹಾಡಿನ ನಡುವೆ ಎಲ್ಲೋ ಬಳಕೆಯಾಗಿರಬಹುದು. ಅದನ್ನು ಬಲ್ಲದ್ದು ಸೆಷನ್ ಕಡತ ಮಾತ್ರ.

ಹೀಗಾಗಿ ಇಂತಹ ಸೌಲಭ್ಯವನ್ನು ಅಳೆಯಬೇಕಾದದ್ದು ಅದು ಎಷ್ಟು ಜಾಗ ಬಿಡಿಸಿತು ಎಂಬುದರಿಂದಲ್ಲ, ಯಾವುದನ್ನು ಮುಟ್ಟಬಾರದೆಂದು ಅದಕ್ಕೆ ಎಷ್ಟು ಚೆನ್ನಾಗಿ ತಿಳಿದಿದೆ ಎಂಬುದರಿಂದ ಎಂದು ನಾನು ನಂಬಿದ್ದೇನೆ. ಈ ಅಳತೆಯಲ್ಲಿ ಆರ್ಡೋರ್ ನನಗೆ ಬಹಳ ಮೆಚ್ಚುಗೆಯಾಗಿದೆ.

ಅದರ ನಡೆ ಹೀಗಿದೆ. ಬಳಕೆಯಾಗದ ಮೂಲಗಳನ್ನು ತೆರವುಗೊಳಿಸುವ ಆಜ್ಞೆಯನ್ನು ಆರಿಸಿದೊಡನೆ ಒಂದು ಎಚ್ಚರಿಕೆ ಬರುತ್ತದೆ: ಈ ಕೆಲಸ ಮಾಡಿದರೆ ಅನ್‌ಡು ಮತ್ತು ರೀಡು ಮಾಹಿತಿಯೆಲ್ಲ ಹೋಗುತ್ತದೆ, ಬಳಕೆಯಾಗದ ಕಡತಗಳನ್ನು ಡೆಡ್ ಎಂಬ ಫೋಲ್ಡರಿಗೆ ಸಾಗಿಸಲಾಗುತ್ತದೆ ಎಂದು. ಅನ್‌ಡು ಏಕೆ ಹೋಗಬೇಕು ಎಂಬುದು ಮೇಲಿನ ವಿವರಣೆಯಿಂದಲೇ ಸ್ಪಷ್ಟ. ಹಿಂದಕ್ಕೆ ಹೋಗುವ ಪ್ರತಿ ಹೆಜ್ಜೆಗೂ ಹಳೆಯ ಟೇಕುಗಳು ಬೇಕಾಗಬಹುದು. ಆ ದಾರಿಯನ್ನು ಮುಚ್ಚದೆ ಯಾವ ಕಡತವನ್ನೂ ಬೇಡದ್ದು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಆದ್ದರಿಂದ ಸಂಕಲನದ ನಡುವೆ ಈ ಕೆಲಸಕ್ಕೆ ಕೈ ಹಾಕಬಾರದು. ಒಂದು ಘಟ್ಟ ಮುಗಿದು, ಇನ್ನು ಹಿಂದಕ್ಕೆ ಹೋಗುವುದಿಲ್ಲ ಎಂದು ಮನಸ್ಸಿಗೆ ಬಂದ ಮೇಲೆಯೇ ಇದರ ಸಮಯ.

ಮುಂದಿನದು ಪ್ಲೇಲಿಸ್ಟುಗಳ ಪ್ರಶ್ನೆ. ಆರ್ಡೋರ್‌ನಲ್ಲಿ ಒಂದೇ ಟ್ರ್ಯಾಕಿಗೆ ಹಲವು ಪ್ಲೇಲಿಸ್ಟುಗಳನ್ನು ಮಾಡಿ ಪ್ರತಿಯೊಂದರಲ್ಲಿ ಒಂದೊಂದು ಬಗೆಯ ಹಾಡುಗಾರಿಕೆಯನ್ನು ಇಟ್ಟುಕೊಳ್ಳಬಹುದು. ಒಮ್ಮೆಗೆ ಕೇಳಿಸುವುದು ಒಂದೇ ಆದರೂ ಉಳಿದವು ಸೆಷನ್‌ನಲ್ಲಿಯೇ ಇರುತ್ತವೆ. ಇವುಗಳಲ್ಲಿರುವ ಧ್ವನಿಯನ್ನು ಬಳಕೆಯಾದದ್ದು ಎನ್ನಬೇಕೋ ಬಳಕೆಯಾಗದ್ದು ಎನ್ನಬೇಕೋ? ಇದು ಯಂತ್ರ ತೀರ್ಮಾನಿಸಬಹುದಾದ ಪ್ರಶ್ನೆಯಲ್ಲ, ಆರ್ಡೋರ್ ತೀರ್ಮಾನಿಸಲು ಹೋಗುವುದೂ ಇಲ್ಲ. ಸದ್ಯಕ್ಕೆ ಯಾವ ಟ್ರ್ಯಾಕಿನಲ್ಲಿಯೂ ಇರದ ಪ್ಲೇಲಿಸ್ಟ್ ಸಿಕ್ಕಾಗ ಅದು ಹೆಸರು ಹೇಳಿ ಕೇಳುತ್ತದೆ. ಉಳಿಸಿಕೊಂಡರೆ ಅದರ ಕಡತಗಳನ್ನು ಮುಟ್ಟುವುದಿಲ್ಲ, ಅಳಿಸಿದರೆ ಅದರಲ್ಲಿ ಮಾತ್ರ ಬಳಕೆಯಾದ ಕಡತಗಳು ಹೋಗುತ್ತವೆ ಎಂದು ತಿಳಿಸುತ್ತದೆ. ಈ ಘಟ್ಟದಲ್ಲಿ ನಿಧಾನವಾಗಿ ಓದಿ ಉತ್ತರಿಸುವುದು ಅತ್ಯಗತ್ಯ. ಪ್ಲೇಲಿಸ್ಟುಗಳಿಗೆ ಮುದ್ರಣದ ಹೊತ್ತಿನಲ್ಲಿಯೇ ಅರ್ಥವಾಗುವ ಹೆಸರು ಕೊಟ್ಟಿದ್ದರೆ ಉತ್ತರ ಸುಲಭ. ಬರಿಯ ಅಂಕಿಗಳಿದ್ದರೆ ಕೆಲಸವನ್ನು ನಿಲ್ಲಿಸಿ, ಒಂದೊಂದನ್ನೂ ಕೇಳಿ ನೋಡಿ ಮತ್ತೆ ಬರುವುದು ಒಳ್ಳೆಯದು.

ನನ್ನ ದೃಷ್ಟಿಯಲ್ಲಿ ಈ ಸೌಲಭ್ಯದ ಅತ್ಯಂತ ವಿವೇಕದ ಭಾಗ ಸ್ನ್ಯಾಪ್‌ಶಾಟುಗಳನ್ನು ಅದು ನಡೆಸಿಕೊಳ್ಳುವ ರೀತಿ. ಸ್ನ್ಯಾಪ್‌ಶಾಟ್ ಎಂದರೆ ಕೆಲಸದ ಆ ಹೊತ್ತಿನ ಸ್ಥಿತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಡುವುದು; ಅದನ್ನು ತೆಗೆದಾಗ ಧ್ವನಿಯ ನಕಲು ಆಗುವುದಿಲ್ಲ. ಅದೇ ಫೋಲ್ಡರಿನಲ್ಲಿ ಇನ್ನೊಂದು ಸೆಷನ್ ಕಡತ ಹುಟ್ಟುತ್ತದೆ, ಎರಡೂ ಅದೇ ಧ್ವನಿ ಕಡತಗಳನ್ನು ಹಂಚಿಕೊಳ್ಳುತ್ತವೆ. ಈಗ ತೆರೆದಿರುವ ಆವೃತ್ತಿಯನ್ನು ಮಾತ್ರ ನೋಡಿ ಬೇಡದ್ದನ್ನು ತೆಗೆದರೆ, ಹಳೆಯ ಮಿಕ್ಸಿನ ಸ್ನ್ಯಾಪ್‌ಶಾಟ್ ಮುಂದೊಮ್ಮೆ ತೆರೆದಾಗ ಅದರ ತುಂಬ ಮೌನವೇ ಇರುತ್ತದೆ. ಆರ್ಡೋರ್ ಹಾಗೆ ಮಾಡುವುದಿಲ್ಲ. ಫೋಲ್ಡರಿನಲ್ಲಿರುವ ಎಲ್ಲ ಸ್ನ್ಯಾಪ್‌ಶಾಟುಗಳನ್ನೂ ಓದಿ, ಅವುಗಳಲ್ಲಿ ಯಾವುದೊಂದಕ್ಕೆ ಬೇಕಾದ ಕಡತವಾದರೂ ಅದನ್ನು ಇದ್ದಲ್ಲಿಯೇ ಬಿಡುತ್ತದೆ. ಹೊಸಬರಿಗೆ ಇದರಿಂದ ಗೊಂದಲವಾಗುವುದುಂಟು: ಪರದೆಯಿಂದ ಅಷ್ಟೊಂದು ಟೇಕುಗಳನ್ನು ಅಳಿಸಿದ್ದರೂ ತೆರವುಗೊಳಿಸಲು ಏನೂ ಇಲ್ಲ ಎಂಬ ಉತ್ತರ ಬರುತ್ತದೆ. ಆ ಸಂದೇಶವೇ ಸ್ನ್ಯಾಪ್‌ಶಾಟುಗಳನ್ನು ಪರಿಶೀಲಿಸಿ ಎಂದು ಸೂಚಿಸುತ್ತದೆ. ಆಗ ಮಾಡಬೇಕಾದದ್ದು ಇಷ್ಟೆ: ಸ್ನ್ಯಾಪ್‌ಶಾಟುಗಳ ಪಟ್ಟಿಯನ್ನು ತೆರೆದು, ನಿಜವಾಗಿಯೂ ಬೇಡವಾದವುಗಳನ್ನು ತೆಗೆದುಹಾಕಿ, ಮತ್ತೆ ಆಜ್ಞೆ ಕೊಡುವುದು. ನನ್ನ ಅನುಭವದಲ್ಲಿ ಜಾಗ ಬಿಡಿಸುವ ಕೆಲಸದ ಬಹುಪಾಲು ಇಲ್ಲಿಯೇ ನಡೆಯುತ್ತದೆ.

ಇಷ್ಟೆಲ್ಲ ದಾಟಿದ ಮೇಲೆಯೂ ಕಡತಗಳು ಅಳಿಸಿಹೋಗುವುದಿಲ್ಲ. ಅವು ಡೆಡ್ ಫೋಲ್ಡರಿಗೆ ಹೋಗುತ್ತವೆ, ಸಾಗಿಸಿದ ಕಡತಗಳ ಪಟ್ಟಿ ಪರದೆಯ ಮೇಲೆ ಬರುತ್ತದೆ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದ ನಂತರ ಫ್ಲಶ್ ವೇಸ್ಟ್‌ಬಾಸ್ಕೆಟ್ (ಕಸದ ಬುಟ್ಟಿಯನ್ನು ಖಾಲಿ ಮಾಡುವ) ಆಜ್ಞೆ ಕೊಟ್ಟರೆ ಇಷ್ಟು ಜಾಗ ಸಿಗುತ್ತದೆ ಎಂದು ಅದು ತಿಳಿಸುತ್ತದೆ. ಎರಡು ಹೆಜ್ಜೆಗಳ ನಡುವೆ ಎಷ್ಟು ಕಾಲ ಬೇಕಾದರೂ ಕಳೆಯಬಹುದು. ನಾನು ಮೊದಲ ಹೆಜ್ಜೆಯ ನಂತರ ಸೆಷನ್ನನ್ನು ಮುಚ್ಚಿ ತೆರೆದು, ಹಾಡನ್ನು ಆದಿಯಿಂದ ಅಂತ್ಯದವರೆಗೆ ಕೇಳಿ, ಉಳಿಸಿಕೊಂಡ ಪ್ರತಿ ಸ್ನ್ಯಾಪ್‌ಶಾಟನ್ನೂ ಒಮ್ಮೆ ತೆರೆದು ನೋಡಿದ ಮೇಲೆಯೇ ಬುಟ್ಟಿಯನ್ನು ಖಾಲಿ ಮಾಡುತ್ತೇನೆ. ಯಾವುದಾದರೂ ಕಡತ ಬೇಕೆನಿಸಿದರೆ ಅದು ಡೆಡ್ ಫೋಲ್ಡರಿನಲ್ಲಿ ಮಾಮೂಲಿ ಧ್ವನಿ ಕಡತವಾಗಿಯೇ ಇರುತ್ತದೆ. ಅದನ್ನು ಮತ್ತೆ ಸೆಷನ್ನಿಗೆ ಆಮದು ಮಾಡಿಕೊಳ್ಳಬಹುದು. ಆಗ ಬರುವುದು ಧ್ವನಿ ಮಾತ್ರ, ಹಿಂದೆ ಅದರ ಮೇಲೆ ಮಾಡಿದ್ದ ಕತ್ತರಿಕೆಗಳು ಬರುವುದಿಲ್ಲ ಎಂಬುದು ನೆನಪಿರಲಿ.

ಇನ್ನು ಕೊರತೆಗಳ ವಿಷಯ. ಮೊದಲನೆಯದಾಗಿ, ಪಟ್ಟಿಯನ್ನು ಅದು ಕೆಲಸ ಮುಗಿದ ಮೇಲೆ ತೋರಿಸುತ್ತದೆ. ರೀಪರ್ ತಂತ್ರಾಂಶದ ಪ್ರಾಜೆಕ್ಟ್ ಫೋಲ್ಡರನ್ನು ಶುಚಿಗೊಳಿಸುವ ಸೌಲಭ್ಯದಲ್ಲಿ ಬಳಕೆಯಾಗದ ಕಡತಗಳ ಪಟ್ಟಿ ಮೊದಲೇ ಬರುತ್ತದೆ, ಅದರಿಂದ ಬೇಕಾದವನ್ನಷ್ಟೇ ಆಯ್ದು ತೆಗೆಯಬಹುದು. ಕ್ಯೂಬೇಸ್‌ನಲ್ಲಿಯೂ ಪೂಲ್ ಎಂಬ ಕಿಟಕಿಯಲ್ಲಿ ಎಲ್ಲ ಕಡತಗಳು ಕಣ್ಣೆದುರು ಇರುತ್ತವೆ, ಬೇಡದ್ದು ಮೊದಲು ಅಲ್ಲಿಯ ಟ್ರ್ಯಾಶ್‌ಗೆ ಹೋಗಿ, ಆ ಟ್ರ್ಯಾಶನ್ನು ಖಾಲಿ ಮಾಡಿದಾಗ ಮಾತ್ರ ಡಿಸ್ಕಿನಿಂದ ಅಳಿಯುತ್ತದೆ. ಆರ್ಡೋರ್‌ನಲ್ಲಿ ಸಾಗಿಸುವ ಮೊದಲೇ ಒಂದೊಂದು ಕಡತವನ್ನೂ ಕೇಳಿ ಆರಿಸುವ ಅನುಕೂಲ ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಡೆಡ್ ಫೋಲ್ಡರ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆಯಾದರೂ ಪೂರ್ತಿಯಾಗಿ ಅಲ್ಲ.

ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಕ್ಲೀನ್-ಅಪ್ ಇಡೀ ಕಡತಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಲವತ್ತು ನಿಮಿಷದ ಒಂದು ಮುದ್ರಣದಿಂದ ಹತ್ತು ಸೆಕೆಂಡು ಬಳಸಿದ್ದರೂ ನಲವತ್ತು ನಿಮಿಷವೂ ಡಿಸ್ಕಿನಲ್ಲಿ ಉಳಿಯುತ್ತದೆ. ಪ್ರೋ ಟೂಲ್ಸ್‌ನಲ್ಲಿ ಕಾಂಪ್ಯಾಕ್ಟ್ ಎಂಬ ಆಜ್ಞೆಯಿದೆ. ಬಳಸಿದ ಭಾಗದ ಎರಡೂ ಬದಿಗಳಲ್ಲಿ ನಾವು ಹೇಳಿದಷ್ಟು ಮಿಲಿಸೆಕೆಂಡುಗಳ ಅಂಚು ಬಿಟ್ಟು ಮಿಕ್ಕದ್ದನ್ನು ಅದು ಕಡತದಿಂದಲೇ ಕತ್ತರಿಸಿ ತೆಗೆಯುತ್ತದೆ. ಕ್ಯೂಬೇಸ್‌ನಲ್ಲಿ ಮಿನಿಮೈಜ್ ಎಂಬುದು ಇದೇ ಬಗೆಯ ಕೆಲಸ ಮಾಡುತ್ತದೆ. ಆರ್ಡೋರ್ ಬಳಕೆದಾರರು ಇದಕ್ಕೆ ಬಳಸುದಾರಿ ಹಿಡಿಯಬೇಕು: ಬೇಕಾದ ರೀಜನ್ನನ್ನು ಬೌನ್ಸ್ ಮಾಡಿ ಹೊಸ ಕಡತವಾಗಿ ಬರೆಸಿ, ಹಳೆಯ ರೀಜನ್ನಿನ ಜಾಗದಲ್ಲಿ ಅದನ್ನು ಇಟ್ಟರೆ, ದೊಡ್ಡ ಕಡತ ಬಳಕೆಯಾಗದ್ದರ ಸಾಲಿಗೆ ಸೇರಿ ಮುಂದಿನ ತೆರವಿನಲ್ಲಿ ಹೊರಬೀಳುತ್ತದೆ. ಹಾಗೆ ಮಾಡುವಾಗ ಎರಡೂ ತುದಿಗಳಲ್ಲಿ ಸ್ವಲ್ಪ ಹೆಚ್ಚಿನ ಧ್ವನಿಯನ್ನು ಸೇರಿಸಿಕೊಂಡಿರಬೇಕು, ಇಲ್ಲವಾದರೆ ಮುಂದೆ ಫೇಡ್ (ಧ್ವನಿ ಮೆಲ್ಲನೆ ಏರುವ ಇಲ್ಲವೆ ಇಳಿಯುವ ಭಾಗ) ಹಿಗ್ಗಿಸಲು ಏನೂ ಉಳಿದಿರುವುದಿಲ್ಲ. ಸಂಗೀತ ಕಚೇರಿಯೊಂದನ್ನೋ ದೀರ್ಘ ಅಭ್ಯಾಸವನ್ನೋ ಒಂದೇ ಓಟದಲ್ಲಿ ಮುದ್ರಿಸುವವರಿಗೆ ಈ ಕೊರತೆ ಹೆಚ್ಚು ತಟ್ಟುತ್ತದೆ.

ಮೂರನೆಯದನ್ನು ಕೊರತೆ ಎನ್ನುವುದಕ್ಕಿಂತ ಮಿತಿ ಎನ್ನಬೇಕು. ಒಂದು ಸೆಷನ್ನಿನ ಫೋಲ್ಡರಿನಲ್ಲಿರುವ ಕಡತವನ್ನು ಇನ್ನೊಂದು ಸೆಷನ್ ನಕಲು ಮಾಡಿಕೊಳ್ಳದೆ ಕೊಂಡಿಯಾಗಿ ಬಳಸುತ್ತಿದ್ದರೆ ಅದು ಮೊದಲನೆಯ ಸೆಷನ್ನಿಗೆ ತಿಳಿಯುವುದಿಲ್ಲ. ಅಲ್ಲಿ ತೆರವು ಮಾಡಿದರೆ ಇಲ್ಲಿ ಕಡತ ಕಾಣೆಯಾಗಬಹುದು. ಆಮದಿನ ಕಿಟಕಿಯಲ್ಲಿ ಕಡತಗಳನ್ನು ಸೆಷನ್ನಿಗೆ ನಕಲು ಮಾಡುವ ಆಯ್ಕೆಯನ್ನು ಯಾವಾಗಲೂ ಗುರುತು ಹಾಕಿಟ್ಟುಕೊಳ್ಳುವುದು ಇದಕ್ಕೆ ಸರಳ ಪರಿಹಾರ. ಈಗಾಗಲೇ ಕೊಂಡಿಗಳಿದ್ದರೆ, ಹೊರಗಿನ ಧ್ವನಿಯನ್ನೆಲ್ಲ ಸೆಷನ್ ಫೋಲ್ಡರಿನೊಳಕ್ಕೆ ತರುವ ಆಜ್ಞೆ ಇದೇ ಕ್ಲೀನ್-ಅಪ್ ಉಪಮೆನುವಿನಲ್ಲಿದೆ. ತೆರವಿಗೆ ಮೊದಲು ಕೊಂಡಿ ಹಾಕಿಕೊಂಡ ಸೆಷನ್ನಿನಲ್ಲಿ ಅದನ್ನು ನಡೆಸಬೇಕು. ಅಲೆಯ ಚಿತ್ರಗಳನ್ನು ಹೊಸದಾಗಿ ಬರೆಸುವ ಆಜ್ಞೆಯೂ ಅಲ್ಲಿಯೇ ಇದೆ. ಅದು ಬೇರೆಯೇ ಕೆಲಸ, ಧ್ವನಿ ಕಡತಗಳಿಗೆ ಅದರಿಂದ ಯಾವ ಬಾಧೆಯೂ ಇಲ್ಲ.

ಕಸ ಸೇರುವುದನ್ನೇ ಕಡಿಮೆ ಮಾಡುವ ಎರಡು ಆಜ್ಞೆಗಳನ್ನು ಇಲ್ಲಿ ಹೇಳಲೇಬೇಕು. ಹಾಡುಗಾರರು ಮೊದಲ ಸಾಲಿನಲ್ಲಿಯೇ ಎಡವಿ ನಿಲ್ಲಿಸಿದಾಗ, ಮುದ್ರಣವನ್ನು ನಿಲ್ಲಿಸುವುದರ ಜೊತೆಗೆ ಆ ಟೇಕನ್ನೇ ಮರೆತುಬಿಡುವ ಆಜ್ಞೆ ಟ್ರಾನ್ಸ್‌ಪೋರ್ಟ್ ಮೆನುವಿನಲ್ಲಿದೆ. ಕೊನೆಯದಾಗಿ ಮುದ್ರಿಸಿದ್ದನ್ನು ತೆಗೆದುಹಾಕುವ ಆಜ್ಞೆ ಎಡಿಟ್ ಮೆನುವಿನಲ್ಲಿದೆ. ಎರಡೂ ಕಡತವನ್ನೇ ಇಲ್ಲವಾಗಿಸುತ್ತವೆ, ಅನ್‌ಡು ಅವಕ್ಕೆ ಅನ್ವಯಿಸುವುದಿಲ್ಲ. ಹಾಡುವವರು ಎದುರಿಗಿರುವಾಗ, ಅದು ಬೇಡವೆಂದು ಅವರೇ ಹೇಳಿದಾಗ ಮಾತ್ರ ನಾನು ಇವನ್ನು ಬಳಸುತ್ತೇನೆ. ಅರ್ಧಕ್ಕೆ ನಿಂತ ಟೇಕಿನಲ್ಲಿಯೂ ಒಂದು ಅಪರೂಪದ ಎತ್ತುಗಡೆ ಇದ್ದಿರಬಹುದು, ಅದನ್ನು ಅವಸರದಲ್ಲಿ ಕಳೆಯುವುದು ಸರಿಯಲ್ಲ.

ಹಾಡು ಮುಗಿದು, ಅದರ ಅಂತಿಮ ಪ್ರತಿ (ಮಾಸ್ಟರ್) ಹೊರಹೋಗಿ, ಸೆಷನ್ನನ್ನು ಎತ್ತಿಡುವ ಹಂತದಲ್ಲಿ ಇರುವವರಿಗೆ ತೆರವಿಗಿಂತಲೂ ಸೆಷನ್ ಮೆನುವಿನ ಆರ್ಕೈವ್ ಸೌಲಭ್ಯ ಹೆಚ್ಚು ಹೊಂದುತ್ತದೆ. ಮೂಲ ಸೆಷನ್ನನ್ನು ಮುಟ್ಟದೆ, ಬಳಕೆಯಾಗದ ಧ್ವನಿಯನ್ನು ಹೊರಗಿಟ್ಟು, ಉಳಿದದ್ದನ್ನು ಒಂದೇ ಸಂಕುಚಿತ ಕಡತವಾಗಿ ಅದು ಕಟ್ಟಿಕೊಡುತ್ತದೆ. ಧ್ವನಿಯನ್ನು ಫ್ಲ್ಯಾಕ್ ಎಂಬ ಸಂಕುಚಿತ ರೂಪಕ್ಕೆ ಬದಲಿಸಿ ಇನ್ನಷ್ಟು ಜಾಗ ಉಳಿಸುವ ಆಯ್ಕೆಯೂ ಅಲ್ಲಿದೆ. ಆದರೆ ಫ್ಲ್ಯಾಕ್ ಪೂರ್ಣಾಂಕಗಳ ರೂಪ; 24 ಬಿಟ್‌ನಲ್ಲಿ ಮುದ್ರಿಸಿದವರಿಗೆ ಅದರಿಂದ ಯಾವ ನಷ್ಟವೂ ಇಲ್ಲ, 32 ಬಿಟ್ ಫ್ಲೋಟ್‌ನಲ್ಲಿ ಮುದ್ರಿಸಿದವರ ಕಡತಗಳು ಮಾತ್ರ ಯಥಾವತ್ತಾಗಿ ಉಳಿಯುವುದಿಲ್ಲ. ಫ್ಲೋಟ್ ಬಳಸುವವರು ಫ್ಲ್ಯಾಕ್ ಆಯ್ಕೆಯನ್ನು ಬಿಟ್ಟು ಆರ್ಕೈವ್ ಮಾಡಿ, ಆ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಬಿಚ್ಚಿ ತೆರೆದು ಕೇಳಿದ ಮೇಲೆ ಮೂಲ ಫೋಲ್ಡರಿನ ಬುಟ್ಟಿಯನ್ನು ಖಾಲಿ ಮಾಡುವುದು ಒಳ್ಳೆಯದು.