ನೌಕಾಪಡೆಯೋ, ವಿದೇಶಾಂಗ ಸೇವೆಯೋ? ಎರಡಕ್ಕೂ ಪರೀಕ್ಷೆ ಬರೆದವನ ಅನುಭವ

ಕೂಡಿಗೆಯ ಸೈನಿಕ ಶಾಲೆಯಲ್ಲಿ ಓದುವ ಅಕ್ಕನ ಮಗ ರಜೆಗೆ ವಿರಾಜಪೇಟೆಯ ನಮ್ಮ ಮನೆಗೆ ಬಂದಿದ್ದ. ಊಟ ಮಾಡುತ್ತಲೇ ಕೇಳಿದ: "ಮಾವ, ನನಗೆ ಹಡಗೂ ಬೇಕು, ಮುಂದೆ ರಾಯಭಾರಿಯೂ ಆಗ್ಬೇಕು. ಅಡ್ಮಿರಲ್ ಕಟಾರಿ ಆಗಿದ್ರಲ್ಲ?"

ಆಗಿದ್ದರು. ರಾಮದಾಸ್ ಕಟಾರಿ 1958ರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು, 1962ರಲ್ಲಿ ನಿವೃತ್ತರಾದರು, 1964ರಲ್ಲಿ ಬರ್ಮಾಕ್ಕೆ ರಾಯಭಾರಿಯಾಗಿ ಹೋದರು. ನಮ್ಮ ಕಾರ್ಯಪ್ಪನವರೂ ಭೂಸೇನೆಯಿಂದ ನಿವೃತ್ತರಾದ 1953ರಲ್ಲೇ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್, ಅಂದರೆ ರಾಯಭಾರಿಯೇ, ಆದರು. ಆದರೆ ಇಬ್ಬರೂ ತಮ್ಮ ಪಡೆಯ ತುತ್ತತುದಿ ತಲುಪಿದವರು. ಆ ಹುದ್ದೆ ಸರ್ಕಾರವೇ ಕರೆದು ಕೊಟ್ಟದ್ದು, ಅದಕ್ಕೆ ಅರ್ಜಿ ಹಾಕುವಂತಿಲ್ಲ.

ನಾನು ಎರಡಕ್ಕೂ ಪ್ರಯತ್ನಪಟ್ಟವನು. ಪಿಯುಸಿ ಮುಗಿದಾಗ ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎಯ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಲಿಖಿತ ಪರೀಕ್ಷೆ ಪಾಸಾಗಿ, ಬೆಂಗಳೂರಿನಲ್ಲಿ ಅದರ ಮುಂದಿನ ಹಂತವಾದ ಎಸ್‌ಎಸ್‌ಬಿ ಆಯ್ಕೆ ಸಂದರ್ಶನಕ್ಕೆ ಕುಳಿತೆ. ಐದು ದಿನ ಎದೆಯ ಮೇಲಿನ ನಂಬರೇ ನನ್ನ ಹೆಸರು. ಚಿತ್ರ ತೋರಿಸಿ ಕಥೆ ಬರೆಸುವ ಪರೀಕ್ಷೆಯಲ್ಲಿ ಒಂದೊಂದಕ್ಕೆ ನಾಲ್ಕೇ ನಿಮಿಷ. ಹನ್ನೆರಡನೆಯದು ಬರೀ ಖಾಲಿ ಪರದೆ. ಉಳಿದ ಹನ್ನೊಂದು ಮರೆತಿವೆ, ಅದೊಂದು ಮರೆತಿಲ್ಲ. ಭಾಗಮಂಡಲದಲ್ಲಿ ಕಾವೇರಿ ಉಕ್ಕಿ ರಸ್ತೆ ಮುಳುಗಿದೆ, ಒಬ್ಬ ಹುಡುಗ ಹಗ್ಗ ಕಟ್ಟಿ ಶಾಲೆಯ ಮಕ್ಕಳನ್ನು ದಾಟಿಸುತ್ತಾನೆ ಎಂದು ಬರೆದೆ. ಕೊನೆಯ ದಿನ ನನ್ನ ನಂಬರ್ ಕರೆಯಲಿಲ್ಲ. ಸೋತರೂ ನಾನು ಎಂಥವನು ಎಂದು ಅಲ್ಲಿ ಗೊತ್ತಾಯಿತು: ಗುಂಪಾಗಿ ಅಡೆತಡೆ ದಾಟುವಾಗ ಹಲಗೆ ಹಿಡಿಯಲು ಮುಂದಾಗುತ್ತೇನೆ, ಬಾಯಿ ತೆರೆಯಲು ಮಾತ್ರ ತಡ.

ಪದವಿಯ ಬಳಿಕ ವಿದೇಶಾಂಗ ಸೇವೆಗಾಗಿ ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆ. ಇದು ತೀರಾ ಬೇರೆ ತರಹದ ದುಡಿಮೆ. ಒಂದು ಸುತ್ತಿಗೇ ಹೆಚ್ಚೂಕಡಿಮೆ ವರ್ಷ ಹಿಡಿಯುತ್ತದೆ, ಮುಖ್ಯ ಪರೀಕ್ಷೆಯಲ್ಲಿ ಒಂಬತ್ತು ಪತ್ರಿಕೆ. ಕಾಫಿ ಕುಯ್ಲಿನ ದಿನಗಳಲ್ಲಿ ಕಣದ ಪಕ್ಕ ಕುಳಿತು ಓದಿದ್ದೇನೆ. ಕನ್ನಡದಲ್ಲೇ ಬರೆದೆ, ಅದಕ್ಕೆ ಅವಕಾಶವಿದೆ, ಆದರೆ ಅಂತರರಾಷ್ಟ್ರೀಯ ಸಂಬಂಧಗಳ ಬಗ್ಗೆ ಕನ್ನಡದಲ್ಲಿ ಸಿಕ್ಕ ಪುಸ್ತಕ ಬೆರಳೆಣಿಕೆಯಷ್ಟು. ಇದು ಇವತ್ತಿಗೂ ನನ್ನನ್ನು ನೋಯಿಸುತ್ತದೆ. ಮುಖ್ಯ ಪರೀಕ್ಷೆ ದಾಟಲಾಗಲಿಲ್ಲ. ಧೈರ್ಯ ಕಳೆದಾಗಲೆಲ್ಲ ನೆನಪಾಗುತ್ತಿದ್ದವರು ನಮ್ಮೂರಿನವರೇ ಆದ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡಬೇಕು ಎಂಬಂಥ ನಿಯಮದ ವಿರುದ್ಧ, ತಮಗೆ ಬಡ್ತಿ ತಪ್ಪಿಸಿದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು, 1979ರ ತೀರ್ಪು ಸರ್ಕಾರಕ್ಕೇ ಬುದ್ಧಿ ಹೇಳಿತು.

ಹಾಗಾಗಿ ಹುಡುಗನಿಗೆ ನೇರವಾಗಿಯೇ ಹೇಳಿದೆ. ರಾಯಭಾರಿ ಆಗಲೇಬೇಕೆಂದಿದ್ದರೆ ಮುತ್ತಮ್ಮನವರ ದಾರಿ ಹಿಡಿ, ಕಟಾರಿಯವರದ್ದನ್ನು ನಂಬಿ ಕೂರಬೇಡ. ಹಡಗೇ ಬೇಕೆಂದರೆ ಎನ್‌ಡಿಎ, ಅದಕ್ಕೆ ವಯಸ್ಸು ಕಾಯುವುದಿಲ್ಲ. ನಡುವೆ ಒಂದು ಕಿಂಡಿಯಿದೆ: ನೌಕಾಪಡೆಯ ಕೆಲವು ಅಧಿಕಾರಿಗಳನ್ನು ಕೆಲವು ವರ್ಷ ನಮ್ಮ ರಾಯಭಾರ ಕಚೇರಿಗಳಿಗೆ ನೌಕಾ ಸಲಹೆಗಾರರಾಗಿ ಕಳಿಸುತ್ತಾರೆ. ಮತ್ತೆ ಹದಿನೇಳಾದರೆ ನಾನು ಮೊದಲು ಎಸ್‌ಎಸ್‌ಬಿಗೇ ಹೋಗುತ್ತೇನೆ.

ಅವನು ಮಾತಾಡಲಿಲ್ಲ. ಒಂದು ಖಾಲಿ ಹಾಳೆ ಕೊಟ್ಟು ಗಡಿಯಾರ ಮುಂದಿಟ್ಟೆ. ಮೂರನೇ ನಿಮಿಷಕ್ಕೆ ಅವನ ಕಥೆಯಲ್ಲಿ ಹಡಗು ಬಂದಿತ್ತು.