ಸಾರಿಗೆ ಸಂಶೋಧನೆ: ಪಿಎಚ್‌.ಡಿ.ಯೋ, ನೀತಿ ಸಂಸ್ಥೆಯೋ?

ವಿಜ್ಞಾನ ಓದಿ ಸಾರಿಗೆ ನೀತಿಯ ಕಡೆ ಹೊರಳಬೇಕೆನ್ನುವವರಿಗೆ ಬೆಂಗಳೂರಿನಲ್ಲೇ ಎರಡು ದಾರಿಗಳಿವೆ. ಒಂದು, ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಪಿಎಚ್‌.ಡಿ. ಮತ್ತೊಂದು, ಸಿಸ್ಟೆಪ್‌ನಂಥ ನೀತಿ ಅಧ್ಯಯನ ಸಂಸ್ಥೆಯಲ್ಲಿ ನೇರ ಉದ್ಯೋಗ.

ಶಕ್ತಿ ಯೋಜನೆಯನ್ನೇ ನೋಡಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಡಲಾಗುತ್ತಿದೆ. ಎಲ್ಲಿಂದ ಎಲ್ಲಿಗೆ ಪಯಣ ಎಂಬುದು ಆ ಚೀಟಿಯಲ್ಲಿರುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿ ಅಂಥ ಟಿಕೆಟ್‌ಗಳಿಂದ ಪ್ರಯಾಣದ ಬೇಡಿಕೆಯ ಗಣಿತ ಮಾದರಿ ಕಟ್ಟಬಹುದು. ಅದು ಎಲ್ಲಿ ತಪ್ಪುತ್ತದೆ ಎಂದು ವರ್ಷಗಟ್ಟಲೆ ಕೆದಕಲು ಅವಕಾಶವಿರುತ್ತದೆ. ನೀತಿ ಸಂಸ್ಥೆಯವರಿಗೆ ಅಷ್ಟು ವ್ಯವಧಾನವಿಲ್ಲ. ನಿಗಮಗಳಿಗೆ ಸರ್ಕಾರ ಎಷ್ಟು ತುಂಬಿಕೊಡಬೇಕು, ಯಾವ ಮಾರ್ಗಕ್ಕೆ ಹೆಚ್ಚು ಬಸ್ ಬೇಕು ಎಂಬುದನ್ನು ಬಜೆಟ್‌ಗೆ ಮುಂಚೆಯೇ ಹೇಳಬೇಕು. ಆದರೆ ಬಸ್ಸು ಹತ್ತಿದ ಮಹಿಳೆ ಕತ್ತಲಲ್ಲಿ ನಿಲ್ದಾಣದವರೆಗೆ ಎಷ್ಟು ದೂರ ನಡೆದಳು, ಮೊದಲು ಈ ಪ್ರಯಾಣವನ್ನೇ ಕೈಬಿಡುತ್ತಿದ್ದಳೇ ಎಂಬುದನ್ನು ಯಾವ ಟಿಕೆಟ್ಟೂ ಹೇಳುವುದಿಲ್ಲ. ನಿಲ್ದಾಣದಲ್ಲಿ ನಿಂತು ಕೇಳಲೇಬೇಕು. ಈ ಕೆಲಸ ಬೇಸರವೆನಿಸಿದರೆ ಎರಡೂ ದಾರಿ ಬೇಡ.

ಸಂಬಳ ಆರಂಭದಲ್ಲಿ ಉದ್ಯೋಗದಲ್ಲೇ ಹೆಚ್ಚು.

ವಾಹನಗಳಿಗಿಂತ ಜನರ ಸಂಚಾರ ಮುಖ್ಯವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಅದು ರಸ್ತೆಗೆ ಇಳಿಯದಿರುವುದು ನಿಮ್ಮನ್ನು ಕಾಡುತ್ತಿದ್ದರೆ ನೀತಿ ಸಂಸ್ಥೆ ಸೇರಿ. ಸಂಖ್ಯಾಶಾಸ್ತ್ರದಲ್ಲಿ ಹಿಡಿತವಿದ್ದು ಐದಾರು ವರ್ಷ ಕೊಡಬಲ್ಲಿರಾದರೆ ಮೊದಲು ಪಿಎಚ್‌.ಡಿ. ಮಾಡಿ ಎನ್ನುತ್ತೇನೆ: ಅಲ್ಲಿಂದ ನೀತಿಗೆ ಬರುವುದು ಸುಲಭ, ಮರಳಿ ಹೋಗುವುದು ಕಷ್ಟ.